ಕಂಪೆನಿಗೆ ಹಳತು, ನಮಗೆ ಹೊಸತು
(ಶಿರ್ವದಲ್ಲಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಕೂಟದಲ್ಲಿ ಮಾಡಿದ ಭಾಷಣ)



ಕಳೆದ ತಿಂಗಳು ಗೇರುಬೀಜದ ಕಾರ್ಖಾನೆಯಲ್ಲಿ ದುಡಿಯುವ ತಾಯಿಯೊಬ್ಬರು ನನ್ನಲ್ಲಿಗೆ ಬಂದರು. "ಮಾಸ್ಟ್ರೇ, ಮಗಳಿಗೆ ಕಾಲೇಜಿನ ಓದಿಗೆ ಲ್ಯಾಪ್‌ಟಾಪ್ ಬೇಕಂತೆ. ಅಂಗಡಿಯವರು ಕಂತಿನ ಮೇಲೆ ಹೊಸತು ಕೊಡುತ್ತಾರಂತೆ. ತೆಗೆದುಕೊಳ್ಳಲೋ ಬೇಡವೋ?" ಎಂದು ಕೇಳಿದರು. ನಾನು ಕೂಡಲೇ ಉತ್ತರ ಕೊಡಲಿಲ್ಲ. ಏಕೆಂದರೆ ಈ ವಿಷಯದಲ್ಲಿ ನಾನೇ ಒಮ್ಮೆ ಏಟು ತಿಂದವನು. ಇಂದು ಅವರಿಗೂ ನಿಮಗೂ ಒಟ್ಟಿಗೆ ಉತ್ತರ ಹೇಳುತ್ತೇನೆ.

ಪೇಟೆಯಲ್ಲಿ 'ರಿಫರ್ಬಿಷ್ಡ್' ಎಂಬ ಫಲಕ ಹಾಕಿ ಮಾರುವ ಲ್ಯಾಪ್‌ಟಾಪುಗಳನ್ನು ನೀವು ನೋಡಿದ್ದೀರಿ. ಇವು ಎಲ್ಲಿಂದ ಬರುತ್ತವೆ? ದೊಡ್ಡ ಕಂಪೆನಿಗಳು ತಮ್ಮ ನೌಕರರಿಗೆ ಸಾವಿರಗಟ್ಟಲೆ ಲ್ಯಾಪ್‌ಟಾಪುಗಳನ್ನು ಹೆಚ್ಚಾಗಿ ಬಾಡಿಗೆ ಕರಾರಿನ ಮೇಲೆ ತರುತ್ತವೆ. ಮೂರು ನಾಲ್ಕು ವರ್ಷವಾಗುತ್ತಲೇ ಎಲ್ಲವನ್ನೂ ಒಮ್ಮೆಗೇ ಹೊರಗೆ ಹಾಕುತ್ತವೆ. ಯಂತ್ರ ಸತ್ತಿತೆಂದಲ್ಲ, ಲೆಕ್ಕದ ಪುಸ್ತಕದಲ್ಲಿ ಅದರ ಆಯುಷ್ಯ ಮುಗಿಯಿತೆಂದು. ಸಗಟು ವ್ಯಾಪಾರಿಗಳು ಅವನ್ನು ರಾಶಿಯಾಗಿ ಕೊಂಡು, ಒರೆಸಿ, ಕೆಟ್ಟ ಭಾಗ ಬದಲಿಸಿ, ಬೆಂಗಳೂರಿನ ಎಸ್.ಪಿ. ರಸ್ತೆ, ದಿಲ್ಲಿಯ ನೆಹರೂ ಪ್ಲೇಸಿನಂತಹ ಪೇಟೆಗಳಿಂದ ನಮ್ಮಂತಹ ಊರುಗಳಿಗೆ ತಲಪಿಸುತ್ತಾರೆ.

ಲೆನೊವೊ ಥಿಂಕ್‌ಪ್ಯಾಡ್, ಡೆಲ್ ಲ್ಯಾಟಿಟ್ಯೂಡ್, ಎಚ್.ಪಿ. ಎಲೀಟ್‌ಬುಕ್ ಎಂಬಿವು ಇಂತಹ ಕಚೇರಿ ಯಂತ್ರಗಳು. ದಿನವಿಡೀ ದುಡಿಯಲೆಂದೇ ಕಟ್ಟಿದವು. ಇವುಗಳಲ್ಲಿ ಹಲವನ್ನು ಸ್ಕ್ರೂ ಬಿಚ್ಚಿ ತೆರೆಯಬಹುದು. ನೆನಪಿನ ಪಟ್ಟಿಯನ್ನೂ ಡಿಸ್ಕನ್ನೂ ಬದಲಿಸಬಹುದು. 2018ರ ಥಿಂಕ್‌ಪ್ಯಾಡ್ ಟಿ-480ರಲ್ಲಿ ಎರಡು ಬ್ಯಾಟರಿಗಳಿದ್ದು, ಒಂದನ್ನು ಕೈಯಿಂದಲೇ ತೆಗೆದು ಹಾಕಬಹುದು. ಅದೇ ಬೆಲೆಗೆ ಸಿಗುವ ಹೊಸ ಅಗ್ಗದ ಲ್ಯಾಪ್‌ಟಾಪುಗಳಲ್ಲಿ ಎಷ್ಟೋ ಯಂತ್ರಗಳ ನೆನಪಿನ ಪಟ್ಟಿಯನ್ನು ಬೆಸುಗೆ ಹಾಕಿಯೇ ಬಿಟ್ಟಿರುತ್ತಾರೆ. ಆದುದರಿಂದ ಹಳತೆಂದು ಮೂಗು ಮುರಿಯಬೇಕಾಗಿಲ್ಲ.

ಆದರೆ ಕಣ್ಣು ಮುಚ್ಚಿ ಕೊಳ್ಳುವಂತೆಯೂ ಇಲ್ಲ. ಶಾಲೆಯ ಕೆಲಸ ಬಿಟ್ಟ ವರ್ಷ ನಾನು ಹದಿನಾಲ್ಕು ಸಾವಿರ ರೂಪಾಯಿ ಕೊಟ್ಟು ಒಂದನ್ನು ತಂದೆ. ಬಿಲ್ಲು ಕೇಳಲಿಲ್ಲ, ಬಿಲ್ಲಿಲ್ಲದಿದ್ದರೆ ಐನೂರು ಕಡಿಮೆ ಎಂದರು, ನಾನು ಹಿಗ್ಗಿದೆ. ಮೂರು ವಾರದಲ್ಲಿ ಯಂತ್ರ ತೊಡಕಿತು. ವಿಂಡೋಸನ್ನು ಹೊಸದಾಗಿ ಹಾಕಲು ಹೋದರೆ ಯಾವುದೋ ಕಂಪೆನಿಯ ಹೆಸರು ಮೂಡಿ, ಆ ಕಂಪೆನಿಯ ಗುಪ್ತಪದ ಕೇಳಿತು! ಮೊದಲಿನ ಧಣಿಯ ಬೀಗ ಹಾಗೆಯೇ ಉಳಿದಿತ್ತು. ಅಂಗಡಿಗೆ ಹೋದರೆ, "ಇದು ನಮ್ಮಲ್ಲಿಂದ ಹೋದದ್ದೆಂಬುದಕ್ಕೆ ಚೀಟಿ ಎಲ್ಲಿ?" ಎಂದರು. ಐನೂರು ಉಳಿಸಲು ಹೋಗಿ ಹದಿನಾಲ್ಕು ಸಾವಿರದ ಹಕ್ಕು ಕಳೆದುಕೊಂಡೆ.

ನಮ್ಮ ಹಿರಿಯರು ಎತ್ತು ಕೊಳ್ಳುವಾಗ ಹಲ್ಲು ನೋಡುತ್ತಿದ್ದರು, ನಡೆಸಿ ನೋಡುತ್ತಿದ್ದರು. ಯಂತ್ರಕ್ಕೂ ಹಲ್ಲಿದೆ. ಇಂಟೆಲ್ ಪ್ರೊಸೆಸರಿನ ಹೆಸರಿನಲ್ಲಿ ಐ-5 ಎಂಬುದರ ಮುಂದೆ ಒಂದು ಸಂಖ್ಯೆ ಇರುತ್ತದೆ. 7300 ಎಂದಿದ್ದರೆ ಏಳನೆಯ ತಲೆಮಾರು, 8350 ಎಂದಿದ್ದರೆ ಎಂಟನೆಯದು. ಈ ಒಂದಂಕಿಯ ವ್ಯತ್ಯಾಸ ಸಣ್ಣದಲ್ಲ. ಮೈಕ್ರೋಸಾಫ್ಟ್ ಕಂಪೆನಿ ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ವಿಂಡೋಸ್ 11ಕ್ಕೆ, ಕೆಲವೇ ಅಪವಾದಗಳನ್ನು ಬಿಟ್ಟರೆ, ಇಂಟೆಲಿನ ಎಂಟನೆಯ ತಲೆಮಾರಾದರೂ ಬೇಕು. ಒಂದು ಸ್ಕ್ರೂ ಸಡಿಲವಾಗದ ಯಂತ್ರಗಳು ಹೀಗೆ ದೂರದ ಒಂದು ತೀರ್ಮಾನದಿಂದ ಮುದಿಯಾದುವು! ಅಂತಹವು ಈಗ ಅಗ್ಗಕ್ಕೆ ಬರುತ್ತಿವೆ. ಅಗ್ಗ ಏಕೆಂದು ತಿಳಿದು ಕೊಳ್ಳಿ, ತಿಳಿಯದೆ ಕೊಳ್ಳಬೇಡಿ.

ಎರಡನೆಯದು ಬೀಗ. ನಿಮ್ಮ ಕಣ್ಣೆದುರಿಗೇ, ಅಂತರ್ಜಾಲದ ಸಂಪರ್ಕ ಕೊಟ್ಟು, ವಿಂಡೋಸನ್ನು ಮೊದಲಿನಿಂದ ಹಾಕಿಸಿ. ಪರದೆಯಲ್ಲಿ ಕಂಪೆನಿಯ ಹೆಸರು ಕಂಡರೆ ಅಲ್ಲೇ ಬಿಟ್ಟು ಬನ್ನಿ. ಯಂತ್ರ ಆರಂಭವಾಗುವ ಮೊದಲ ಹಂತದ ಬಯೋಸ್ ಗುಪ್ತಪದ ಕೇಳಿದರೂ ಹಾಗೆಯೇ.

ಮೂರನೆಯದು ಬ್ಯಾಟರಿ. ವಿಂಡೋಸಿನಲ್ಲಿ ಬ್ಯಾಟರಿಯ ವರದಿ ತೆಗೆಯುವ ಕ್ರಮವಿದೆ, ಅಂಗಡಿಯವರಿಗೆ ಗೊತ್ತಿರುತ್ತದೆ. ಹೊಸತಿನಲ್ಲಿದ್ದ ಸಾಮರ್ಥ್ಯ, ಇಂದಿನ ಸಾಮರ್ಥ್ಯ ಎರಡೂ ಅದರಲ್ಲಿ ಇರುತ್ತವೆ. ಅರ್ಧಕ್ಕೆ ಇಳಿದಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಕಳೆದು ಮಾತನಾಡಿ. ಬಳಿಕ ಒಂದೊಂದು ಕೀಲಿಯನ್ನೂ ಒತ್ತಿ, ಎಲ್ಲಾ ಕಿಂಡಿಗಳಿಗೂ ತಂತಿ ಚುಚ್ಚಿ ನೋಡಿ. ನಾಚಿಕೆ ಬೇಡ, ದುಡ್ಡು ನಿಮ್ಮದು.

ನಾಲ್ಕನೆಯದು ಬಿಲ್ಲು. ಅದರಲ್ಲಿ ಯಂತ್ರದ ಸರಣಿ ಸಂಖ್ಯೆ, ಎಷ್ಟು ತಿಂಗಳ ಖಾತರಿ ಎಂಬುದು ಬರಹದಲ್ಲಿರಲಿ. 2019ರ ಗ್ರಾಹಕರ ಸಂರಕ್ಷಣಾ ಕಾಯಿದೆಯಂತೆ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ಎರಡು ವರ್ಷದೊಳಗೆ ದೂರು ಕೊಡಬಹುದು. ಐದು ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ. 1915ಕ್ಕೆ ಫೋನು ಮಾಡಿಯೂ ದೂರು ಹೇಳಬಹುದು. ಕಾಯಿದೆ ಇದೆ, ಆದರೆ ಚೀಟಿಯಿಲ್ಲದವನ ಕೈಯಲ್ಲಿ ಅದಕ್ಕೆ ಬಲವಿಲ್ಲ.

ಏಳನೆಯ ತಲೆಮಾರಿನ ಯಂತ್ರ ಈಗಾಗಲೇ ಮನೆಯಲ್ಲಿದ್ದರೆ ಎಸೆಯಬೇಕೇ? ಬೇಡ. ಲಿನಕ್ಸ್ ಎಂಬ ವ್ಯವಸ್ಥೆ ಇದೆ. ಬೆಲೆಯಿಲ್ಲ, ಯಾರೂ ಹಾಕಿಕೊಳ್ಳಬಹುದು. ಪತ್ರ ಬರೆಯಲು, ಓದಲು, ಅಂತರ್ಜಾಲ ನೋಡಲು ಅದು ಧಾರಾಳ ಸಾಕು. ಕಿನ್ನಿಕಂಬಳದ ಕೆ.ಪಿ. ರಾಯರು ರೂಪಿಸಿದ ಕನ್ನಡ ಕೀಲಿವಿನ್ಯಾಸವೂ 'ಕಗಪ' ಎಂಬ ಹೆಸರಿನಲ್ಲಿ ಅದರೊಳಗಿದೆ. ನಮ್ಮ ಕರಾವಳಿಯವರ ಕೆಲಸವದು! ಆದರೆ ವ್ಯಾಪಾರಿ ಮಿತ್ರರು ಗಮನಿಸಬೇಕು: ಟ್ಯಾಲಿ ವಿಂಡೋಸಿಗಾಗಿ ಮಾಡಿದ್ದು. ಲೆಕ್ಕ ಬರೆಯುವವರು ಎಂಟನೆಯ ತಲೆಮಾರಿಗಿಂತ ಕೆಳಗೆ ಇಳಿಯದಿರುವುದೇ ಲೇಸು.

ಕೊಂಡ ಮೇಲೆ ಬಾಳಿಸಬೇಕಲ್ಲ? ನಮ್ಮ ಮಳೆಗಾಲದ ತೇವ ಕಬ್ಬಿಣವನ್ನೇ ತಿನ್ನುತ್ತದೆ. ಯಂತ್ರವನ್ನು ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಬೂಸರು ಹಿಡಿಯುತ್ತದೆ. ದಿನಾ ಸ್ವಲ್ಪ ಹೊತ್ತು ಓಡಿಸಿದರೆ ತನ್ನ ಬಿಸಿಯಿಂದಲೇ ಒಣಗುತ್ತದೆ. ಗುಡುಗು ಕೇಳಿದರೆ ಚಾರ್ಜರಿನ ಪ್ಲಗ್ ಕಿತ್ತಿಡಿ. ಹಗಲೂ ರಾತ್ರಿ ಚಾರ್ಜಿಗೆ ಹಾಕಿ ಬಿಡಬೇಡಿ; ಶೇಕಡಾ 80ಕ್ಕೆ ನಿಲ್ಲಿಸುವ ಏರ್ಪಾಡು ಹಲವು ಕಚೇರಿ ಯಂತ್ರಗಳಲ್ಲಿದೆ. ಬ್ಯಾಟರಿ ಉಬ್ಬಿದರೆ ಚುಚ್ಚಬೇಡಿ, ಒತ್ತಬೇಡಿ; ಬಳಕೆ ನಿಲ್ಲಿಸಿ ರಿಪೇರಿಯವರಿಗೆ ಕೊಡಿ. ವರ್ಷಕ್ಕೊಮ್ಮೆ ಫ್ಯಾನಿನ ಧೂಳು ತೆಗೆಸಿ. ಓದಿನ, ಲೆಕ್ಕದ ಕಾಗದಗಳ ಇನ್ನೊಂದು ಪ್ರತಿ ಬೇರೆ ಕಡೆ ಇರಲಿ.

ಕೊನೆಯ ಮಾತು. ಒಬ್ಬೊಬ್ಬರೇ ಹೋದರೆ ಅಂಗಡಿಯಲ್ಲಿ ನಮ್ಮ ಅಜ್ಞಾನಕ್ಕೂ ಬೆಲೆ ಕಟ್ಟುತ್ತಾರೆ. ಹತ್ತು ಜನ ಒಂದೇ ಮಾದರಿಯನ್ನು ಒಟ್ಟಿಗೆ ಕೊಂಡರೆ ಬೆಲೆಯೂ ಇಳಿಯುತ್ತದೆ, ಖಾತರಿಯೂ ಬರಹದಲ್ಲಿ ಬರುತ್ತದೆ. ಒಂದು ಕೆಟ್ಟಾಗ ಇನ್ನೊಂದರ ಚಾರ್ಜರು, ಪಟ್ಟಿ ಹಾಕಿ ದೋಷ ಎಲ್ಲಿದೆಯೆಂದು ಹುಡುಕಬಹುದು. ಊರಿನ ರಿಪೇರಿ ಹುಡುಗನಿಗೂ ಕೈ ಪಳಗುತ್ತದೆ. ದುಡ್ಡು ಊರಲ್ಲೇ ಉಳಿಯುತ್ತದೆ.

ಆ ತಾಯಿಗೆ ನನ್ನ ಉತ್ತರ ಇಷ್ಟು: ಕಂತಿಗೆ ಸಹಿ ಹಾಕಬೇಡಿ. ಬರುವ ಆದಿತ್ಯವಾರ ನಾಲ್ಕು ಮನೆಯವರು ಒಟ್ಟಾಗಿ ಉಡುಪಿಗೆ ಹೋಗುವವರಿದ್ದೇವೆ; ಮಗಳನ್ನೂ ಕರೆದುಕೊಂಡು ಬನ್ನಿ. ಹಲ್ಲು ಎಣಿಸುವುದನ್ನು ಅವಳೇ ಕಲಿಯಲಿ. ಬೇರೆ ಯಾರಿಗೆ ಬೇಕೋ ಅವರು ಈ ಕೂಟ ಮುಗಿದ ಮೇಲೆ ಹೆಸರು ಬರೆಯಿಸಿ ಹೋಗಬೇಕಾಗಿ ವಿನಂತಿ.