ಪ್ರಾಂಪ್ಟ್‌ಗೆ ಬೇಕು ಪಾಠದ ಅನುಭವ



2022ರ ನವೆಂಬರ್ 30ರಂದು ಓಪನ್‌ಎಐ ಸಂಸ್ಥೆ ಚಾಟ್‌ಜಿಪಿಟಿಯನ್ನು ಸಾರ್ವಜನಿಕರ ಕೈಗಿಟ್ಟಿತು. ಅಲ್ಲಿಂದೀಚೆಗೆ ಪಾಠಯೋಜನೆ, ಪ್ರಶ್ನೆಪತ್ರಿಕೆ, ಅಭ್ಯಾಸ ಹಾಳೆಗಳಿಗಾಗಿ ಶಿಕ್ಷಕರೂ ಚಾಟ್‌ಬಾಟ್‌ಗಳತ್ತ ಹೊರಳಿದ್ದಾರೆ. ಕರ್ನಾಟಕದಲ್ಲೇ ಶಿಕ್ಷಣ ಫೌಂಡೇಶನ್ ಮತ್ತು ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾ ಜೊತೆಗೂಡಿ ‘ಶಿಕ್ಷಾ ಕೋಪೈಲಟ್’ ಎಂಬ ಉಪಕರಣವನ್ನು ರೂಪಿಸಿ, ಸರ್ಕಾರಿ ಶಾಲೆಗಳ ಶಿಕ್ಷಕರೊಂದಿಗೆ ಪ್ರಯೋಗಿಸಿವೆ. ಉಪಕರಣ ಬಂದಾಯಿತು. ಅದರಿಂದ ಕೆಲಸ ತೆಗೆಯುವ ಬಗೆಯೇ ಈ ಶಿಕ್ಷಕರ ಸಮ್ಮೇಳನದ ಮುಂದಿರುವ ವಿಷಯ.

“ಆರನೇ ತರಗತಿಗೆ ಭಿನ್ನರಾಶಿಯ ಮೇಲೆ ಹತ್ತು ಪ್ರಶ್ನೆ ಕೊಡು” ಎಂದರೆ ಪ್ರಶ್ನೆಗಳು ಬರುತ್ತವೆ. ಆದರೆ ಅವು ಯಾವ ತರಗತಿಯ ಕಷ್ಟವನ್ನೂ ಕಂಡು ಹುಟ್ಟಿದವಲ್ಲ. ಅನುಭವಿ ಶಿಕ್ಷಕಿಯ ಪ್ರಾಂಪ್ಟ್, ಅಂದರೆ ಯಂತ್ರಕ್ಕೆ ಕೊಡುವ ಸೂಚನೆ, ಬೇರೆಯೇ ಇರುತ್ತದೆ: “ಮಕ್ಕಳಿಗೆ ಸಮಾನ ಭಿನ್ನರಾಶಿ ಗೊತ್ತು, ಛೇದ ಬೇರೆಯಾದರೆ ಕೂಡಲು ಬಾರದು. ಐದು ಬಹು ಆಯ್ಕೆ ಪ್ರಶ್ನೆ ಬೇಕು. ಪ್ರತಿ ತಪ್ಪು ಆಯ್ಕೆಯೂ ಮಕ್ಕಳು ನಿಜವಾಗಿ ಮಾಡುವ ತಪ್ಪಿನಿಂದಲೇ ಬಂದಿರಲಿ.”

ಉದಾಹರಣೆಗೆ, 1/3 ಮತ್ತು 1/4 ಕೂಡಿದರೆ 7/12. ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡುವ ಮಗು 2/7 ಎನ್ನುತ್ತದೆ. ಛೇದವನ್ನು 12 ಮಾಡಿ ಅಂಶವನ್ನು ಬದಲಿಸದೆ ಬಿಡುವ ಮಗು 2/12 ಎನ್ನುತ್ತದೆ. ಮಗು ಗುರುತು ಹಾಕಿದ ಆಯ್ಕೆಯಿಂದಲೇ ಅದು ಎಲ್ಲಿ ಎಡವಿತೆಂದು ತಿಳಿಯುತ್ತದೆ. ಇಂಥ ಪ್ರಶ್ನೆ ಹುಟ್ಟುವುದು ತಂತ್ರಜ್ಞಾನದ ಜಾಣ್ಮೆಯಿಂದಲ್ಲ, ಮಕ್ಕಳ ನೋಟ್‌ಬುಕ್ ತಿದ್ದಿದ ಅನುಭವದಿಂದ.

ತರಗತಿ, ಮಕ್ಕಳಿಗೆ ಈಗಾಗಲೇ ತಿಳಿದಿರುವುದು, ಮುಟ್ಟಬೇಕಾದ ಕಲಿಕಾ ಫಲ, ಉತ್ತರದ ರೂಪ: ಈ ನಾಲ್ಕೂ ಪ್ರಾಂಪ್ಟ್‌ನಲ್ಲಿರಬೇಕು. ಜೊತೆಗೆ ಒಂದೆರಡು ಮಾದರಿ ಪ್ರಶ್ನೆಗಳನ್ನಿಟ್ಟರೆ ಯಂತ್ರ ಆ ಜಾಡು ಹಿಡಿಯುತ್ತದೆ. 2020ರಲ್ಲಿ ಜಿಪಿಟಿ-3 ಎಂಬ ಭಾಷಾ ಮಾದರಿಯ ಕುರಿತ ಸಂಶೋಧನೆ ಇದನ್ನೇ ತೋರಿಸಿತು. ಲೆಕ್ಕವನ್ನು ಹಂತಹಂತವಾಗಿ ಬಿಡಿಸಿದರೆ ದೊಡ್ಡ ಭಾಷಾ ಮಾದರಿಗಳ ಉತ್ತರ ಹೆಚ್ಚು ಸರಿಯಾಗುತ್ತದೆಂದು 2022ರಲ್ಲಿ ಗೂಗಲ್ ಸಂಶೋಧಕರು ಕಂಡುಕೊಂಡರು. ಹಾಗಾಗಿ ಉತ್ತರಸೂಚಿ ಕೇಳುವಾಗ ಹಂತಗಳನ್ನೂ ಕೇಳುವುದು ಒಳ್ಳೆಯದು. ಶಿಕ್ಷಕರಿಗೆ ಪರಿಶೀಲನೆಯೂ ಸುಲಭ.

ಕನ್ನಡ ಮಾಧ್ಯಮಕ್ಕೆ ಇನ್ನೊಂದು ಎಚ್ಚರ ಬೇಕು. ಪಠ್ಯಪುಸ್ತಕದಲ್ಲಿಲ್ಲದ ಪಾರಿಭಾಷಿಕ ಪದಗಳನ್ನು ಚಾಟ್‌ಬಾಟ್ ತಂದು ಸೇರಿಸಬಹುದು. ಪಠ್ಯದ ಪದಪಟ್ಟಿಯನ್ನೂ ಪಾಠದ ಭಾಗವನ್ನೂ ಪ್ರಾಂಪ್ಟ್‌ಗೆ ಅಂಟಿಸಿ, “ಇವನ್ನೇ ಬಳಸು” ಎಂದು ಹೇಳಬೇಕು. ಮಕ್ಕಳ ಹೆಸರು, ಅಂಕಪಟ್ಟಿ ಮಾತ್ರ ಅಲ್ಲಿಗೆ ಹೋಗಕೂಡದು.

ಇಷ್ಟೆಲ್ಲ ಮಾಡಿದರೂ ಯಂತ್ರ ಇಲ್ಲದ ಇಸವಿಯನ್ನು, ಇಲ್ಲದ ಪುಸ್ತಕವನ್ನು ಇದೆಯೆಂದೇ ಬರೆಯಬಲ್ಲದು. ಮೊದಲ ಉತ್ತರ ಕರಡು ಮಾತ್ರ. ಹೀಗೆ ತಪ್ಪಬಲ್ಲ ಸಾಧನವನ್ನು ಮಕ್ಕಳ ಕೈಗೆ ಕೊಡುವಾಗಲೂ ಎಚ್ಚರ ಬೇಕು. ತರಗತಿಗಳಲ್ಲಿ ಇಂಥ ಸಾಧನ ಬಳಸುವವರಿಗೆ ಕನಿಷ್ಠ 13 ವರ್ಷ ತುಂಬಿರಬೇಕೆಂದು ಯುನೆಸ್ಕೋ 2023ರ ಮಾರ್ಗಸೂಚಿಯಲ್ಲಿ ಸಲಹೆ ನೀಡಿದೆ. ಪ್ರಾಥಮಿಕ ಶಾಲೆಯಲ್ಲಿ ಪ್ರಾಂಪ್ಟ್ ಬರೆಯುವುದು ಶಿಕ್ಷಕರ ಕೆಲಸವಾಗಿಯೇ ಉಳಿಯಲಿ.

ಅಧ್ಯಕ್ಷ ಪೀಠದಿಂದ ಸಭೆಯ ಮುಂದೆ ಒಂದು ಸಲಹೆ. ಪ್ರತಿ ಶಾಲಾ ಕ್ಲಸ್ಟರ್‌ನಲ್ಲೂ ವಿಷಯವಾರು ಪ್ರಾಂಪ್ಟ್ ಸಂಗ್ರಹ ಆರಂಭವಾಗಲಿ. ಕೇಳಿದ್ದೇನು, ಬಂದದ್ದೇನು, ಶಿಕ್ಷಕರು ತಿದ್ದಿದ್ದೇನು, ಮೂರೂ ಅದರಲ್ಲಿ ದಾಖಲಾಗಲಿ. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳಲ್ಲಿ ಅದನ್ನು ಓದಿ ಚರ್ಚಿಸಲು ಸಮಯ ಮೀಸಲಿಡಬೇಕೆಂಬ ನಿರ್ಣಯವನ್ನು ಸಮ್ಮೇಳನ ಇಂದೇ ಅಂಗೀಕರಿಸಲಿ.