ಹುಲ್ಲಿನ ಸಕ್ಕರೆ, ಹಸುವಿನ ಹಾಲು ಮತ್ತು ಗೋಮಾಳದ ನಿರ್ವಹಣೆ



ಮುಂಗಾರಿನ ಎಳೆಹುಲ್ಲನ್ನು ಹೊಟ್ಟೆತುಂಬ ಮೇಯ್ದ ಹಸುವೂ ನಿರೀಕ್ಷಿಸಿದಷ್ಟು ಹಾಲು ಕೊಡದಿರುವುದುಂಟು, ಸಗಣಿಯೂ ತೆಳುವಾಗುತ್ತದೆ. ಇದರ ಕಾರಣಗಳಲ್ಲಿ ಹುಲ್ಲಿನಲ್ಲಿರುವ ಸಕ್ಕರೆಯ ಕೊರತೆಯೂ ಒಂದು.

ಹಸುವಿನ ಮೊದಲ ಹೊಟ್ಟೆಯಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಹುಲ್ಲಿನ ಪ್ರೋಟೀನನ್ನು ಒಡೆದಾಗ ಅಮೋನಿಯ ಉಂಟಾಗುತ್ತದೆ. ಅದನ್ನು ಬಳಸಿಕೊಂಡು ಬೆಳೆಯಲು ಅವುಗಳಿಗೆ ಶಕ್ತಿ ಬೇಕು. ಬೇಗನೆ ಒದಗುವ ಶಕ್ತಿಯೇ ಸಕ್ಕರೆ. ಅದು ಸಾಲದಿದ್ದರೆ ಅಮೋನಿಯವು ರಕ್ತವನ್ನು ಸೇರಿ, ಯಕೃತ್ತಿನಲ್ಲಿ ಯೂರಿಯಾ ಆಗಿ, ಬಹುಪಾಲು ಮೂತ್ರದಲ್ಲಿ ಹೊರಹೋಗುತ್ತದೆ. ಹಾಲಾಗಬೇಕಾದ ಪ್ರೋಟೀನು ಹೀಗೆ ವ್ಯರ್ಥವಾಗುತ್ತದೆ.

ಬ್ರಿಟನ್ನಿನ ವೇಲ್ಸ್‌ನಲ್ಲಿರುವ ಅಬೆರಿಸ್ಟ್ವಿತ್‌ನ ವಿಜ್ಞಾನಿಗಳು ಸಕ್ಕರೆಯಂಶ ಹೆಚ್ಚಿರುವ ರೈಗ್ರಾಸ್ ತಳಿಗಳನ್ನು ರೂಪಿಸಿದ್ದು ಈ ನಷ್ಟವನ್ನು ತಗ್ಗಿಸಲೆಂದೇ. ಕೆಲವು ಪ್ರಯೋಗಗಳಲ್ಲಿ ಮೂತ್ರದ ಸಾರಜನಕ ಇಳಿಯಿತು. ಹಾಲಿನ ಹೆಚ್ಚಳ ಮಾತ್ರ ಎಲ್ಲ ಕಡೆಯೂ ಒಂದೇ ತೆರನಾಗಿ ಕಾಣಲಿಲ್ಲ. ರೈಗ್ರಾಸ್ ತಂಪು ಹವೆಯ ಹುಲ್ಲು. ಕರ್ನಾಟಕದ ಬಯಲುಸೀಮೆಗೆ ಒಗ್ಗುವುದಿಲ್ಲ. ಆದರೆ ಅದರ ಹಿಂದಿನ ತತ್ತ್ವ ಇಲ್ಲಿಗೂ ಅನ್ವಯಿಸುತ್ತದೆ.

ಹುಲ್ಲು ಬಿಸಿಲಿನಲ್ಲಿ ಸಕ್ಕರೆಯನ್ನು ತಯಾರಿಸಿ, ರಾತ್ರಿ ವ್ಯಯಿಸುತ್ತದೆ. ಆದುದರಿಂದ ಬೆಳಗಿನ ಜಾವಕ್ಕಿಂತ ಮಧ್ಯಾಹ್ನದ ನಂತರ ಅದರಲ್ಲಿ ಸಕ್ಕರೆ ಹೆಚ್ಚು. ಮೋಡ ಕವಿದ ದಿನಗಳಲ್ಲಿ ಕಡಿಮೆ. ಮಳೆಗಾಲದಲ್ಲಿ ಮೇಯಲು ಬಿಡುವ ಮುನ್ನ ಸ್ವಲ್ಪ ರಾಗಿಹುಲ್ಲು ನೀಡಿದರೆ ಮೆಲುಕು ಸರಿಹೋಗುತ್ತದೆ. ಹಾಲು ಕರೆಯುವ ಹಸುವಿಗೆ ಮೆಕ್ಕೆಜೋಳದ ನುಚ್ಚನ್ನು ಮಿತವಾಗಿ ಕೊಟ್ಟರೆ ಶಕ್ತಿಯ ಕೊರತೆ ನೀಗುತ್ತದೆ. ನುಚ್ಚು ಅತಿಯಾದರೆ ಹೊಟ್ಟೆಯಲ್ಲಿ ಆಮ್ಲ ಹೆಚ್ಚಿ ಅಪಾಯವಾಗುತ್ತದೆ.

ಹುಲ್ಲು ಮತ್ತೆ ಚಿಗುರುವುದೂ ಬುಡದಲ್ಲಿ ಕೂಡಿಟ್ಟ ಆಹಾರದ ಬಲದಿಂದಲೇ. ಬುಡಮಟ್ಟ ಮೇಯಿಸಿದ ಜಾಗದಲ್ಲಿ ಆ ಸಂಗ್ರಹ ಬರಿದಾಗಿ ಕಳೆ ಬೆಳೆಯುತ್ತದೆ. ಪಂಚಾಯಿತಿಯ ಹೊಣೆ ಇಲ್ಲಿಂದ ಆರಂಭವಾಗುತ್ತದೆ. ಕರ್ನಾಟಕ ಭೂ ಕಂದಾಯ ನಿಯಮಗಳು, 1966ರ 97ನೆಯ ನಿಯಮವು 100 ಜಾನುವಾರುಗಳಿಗೆ 12 ಹೆಕ್ಟೇರಿನಂತೆ ಉಚಿತ ಹುಲ್ಲುಗಾವಲನ್ನು ಮೀಸಲಿಡಲು ಹೇಳುತ್ತದೆ. ಒತ್ತುವರಿಯಿಂದ ಆ ಜಾಗವನ್ನು ಉಳಿಸುವುದು ಒಂದು ಕೆಲಸ. ಉಳಿದ ಹುಲ್ಲಿಗೆ ಬಿಡುವು ಕೊಡುವುದು ಇನ್ನೊಂದು. ಗೋಮಾಳವನ್ನು ನಾಲ್ಕು ಭಾಗ ಮಾಡಿ, ಸರದಿಯಂತೆ ಒಂದರಲ್ಲಿ ಮೇಯಿಸಿ, ಮೂರಕ್ಕೆ ವಿರಾಮ ನೀಡಬಹುದು.

ಆದರೆ ಒಂದು ಎಚ್ಚರ ಅಗತ್ಯ. ಸ್ವಂತ ಜಮೀನಿಲ್ಲದೆ ಒಂದೆರಡು ಹಸು ಸಾಕುವ ಕುಟುಂಬಕ್ಕೆ ಗೋಮಾಳವೇ ಮೇವಿನ ಆಧಾರ. ಸರದಿಯ ಕಷ್ಟ ಮೊದಲು ತಟ್ಟುವುದು ಅವರಿಗೇ. ಆದ್ದರಿಂದ ಯಾವ ಭಾಗಕ್ಕೆ, ಯಾವಾಗ, ಎಷ್ಟು ದಿನ ಬಿಡುವು ಎಂಬುದನ್ನು ಅವರ ಸಮ್ಮುಖದಲ್ಲಿಯೇ ಗ್ರಾಮಸಭೆಯಲ್ಲಿ ತೀರ್ಮಾನಿಸಬೇಕು. ಅವರು ಒಪ್ಪದ ಸರದಿ ಹಾಳೆಯ ಮೇಲೆ ಉಳಿಯುತ್ತದೆ. ಒಪ್ಪಿದ ಸರದಿಯನ್ನು ಅವರೇ ಕಾಯುತ್ತಾರೆ.