ಡೇಟ್ ಆಜ್ಞೆ ಮತ್ತು ಗೆಳೆಯನ ಇಸ್ಲಾಹ್

(ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ನಾನು ಉರ್ದು, ಕನ್ನಡ ಕಲಿಸುವವಳು. ಕಂಪ್ಯೂಟರ್ ವಿಷಯ ಇವರಿಗೇಕೆ ಎಂದು ನಿಮಗೆ ಅನಿಸಬಹುದು. ಶಿವಾಜಿನಗರ, ಹಲಸೂರಿನಿಂದ ಬಸ್ಸು ಹಿಡಿದು ಇಂಜಿನಿಯರಿಂಗ್ ಕಾಲೇಜಿಗೆ ಹೋಗುವ ನಮ್ಮ ಮಕ್ಕಳಿಗೆ ಅಲ್ಲಿ ಎದುರಾಗುವ ಒಂದು ಕಷ್ಟ ನನ್ನ ಭಾಷಾ ತರಗತಿಯಲ್ಲೂ ಇದೆ. ತಾವು ಬರೆದದ್ದನ್ನು ಇನ್ನೊಬ್ಬರ ಮುಂದೆ ಇಡಲು ಅವರಿಗೆ ಧೈರ್ಯ ಸಾಲದು.

ಒಂದು ಉದಾಹರಣೆ ಕೊಡುತ್ತೇನೆ. ಅಮೆರಿಕದ ಎಂ.ಐ.ಟಿ. ಸಂಸ್ಥೆಯವರು 2006ರಲ್ಲಿ ಪಾಠ ಹೇಳಲೆಂದೇ 'ಎಕ್ಸ್‌ವಿ6' ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಂ ಸಿದ್ಧಪಡಿಸಿದರು. 1975ರ ಯುನಿಕ್ಸ್ ಆರನೇ ಆವೃತ್ತಿ ಅದಕ್ಕೆ ಮಾದರಿ. ಅದಕ್ಕೆ 'ಡೇಟ್' ಎಂಬ ಆಜ್ಞೆಯನ್ನು ಸೇರಿಸುವುದು ವಿದ್ಯಾರ್ಥಿಗಳಿಗೆ ಕೊಡುತ್ತಿದ್ದ ಒಂದು ಅಭ್ಯಾಸ. ಟೈಪ್ ಮಾಡಿದೊಡನೆ ದಿನಾಂಕ, ಸಮಯ ತೆರೆಯ ಮೇಲೆ ಬರಬೇಕು. ಬರೆದವನ ಕಣ್ಣಿಗೆ ತನ್ನ ಕೋಡ್ ಎಲ್ಲಾ ಸರಿಯಾಗಿಯೇ ಕಾಣುತ್ತದೆ. ಸಹಪಾಠಿಯ ಕೈಗೆ ಕೊಟ್ಟಾಗ ಪ್ರಶ್ನೆಗಳು ಹುಟ್ಟುತ್ತವೆ.

"ಒಂಬತ್ತು ಗಂಟೆ ಐದು ನಿಮಿಷಕ್ಕೆ ಇದು 9:5 ಎಂದು ತೋರಿಸುವುದಿಲ್ಲವೇ?" ಹೌದು, ತೋರಿಸುತ್ತದೆ. ಅಲ್ಲಿನ ಪ್ರಿಂಟ್‌ಎಫ್ ತಾನಾಗಿ ಸೊನ್ನೆ ಸೇರಿಸುವುದಿಲ್ಲ, ನಾವೇ ಸೇರಿಸಬೇಕು.

"ಗಡಿಯಾರದಲ್ಲಿರುವುದು ಗ್ರೀನಿಚ್ ಸಮಯ. ನಾವು ಐದೂವರೆ ಗಂಟೆ ಮುಂದಿದ್ದೇವಲ್ಲ?" ಅಲ್ಲಿ ಡಿಸೆಂಬರ್ 31ರ ರಾತ್ರಿ ಎಂಟು ಗಂಟೆಯಾದಾಗ ಬೆಂಗಳೂರಿನಲ್ಲಿ ಹೊಸ ವರ್ಷ ಹುಟ್ಟಿ ಒಂದೂವರೆ ಗಂಟೆಯಾಗಿರುತ್ತದೆ. ಬರೀ ಕೂಡಿಸಿ ಬಿಟ್ಟರೆ 25:30 ಎಂದು ಬರುತ್ತದೆ. ದಿನ, ತಿಂಗಳು, ವರ್ಷ ಮೂರನ್ನೂ ಬದಲಿಸಬೇಕು. ಫೆಬ್ರವರಿ 28 ಆಗಿದ್ದರೆ ಅಧಿಕ ವರ್ಷವೇ ಎಂದೂ ನೋಡಬೇಕು.

"ಪ್ರೋಗ್ರಾಂ ಕೊಟ್ಟ ಮೆಮೊರಿ ವಿಳಾಸವನ್ನು ಪರಿಶೀಲಿಸಿದ್ದೀಯಾ?" ಇಲ್ಲದಿದ್ದರೆ ಕರ್ನಲ್ ತಪ್ಪು ಜಾಗದಲ್ಲಿ ಬರೆದು ಇಡೀ ಸಿಸ್ಟಂ ನಿಂತುಹೋಗಬಹುದು.

ಇನ್ನೊಂದು ಸ್ವಾರಸ್ಯವಿದೆ. ಗಡಿಯಾರದ ಚಿಪ್‌ನಿಂದ ಎಕ್ಸ್‌ವಿ6 ಓದುವುದು ವರ್ಷದ ಕೊನೆಯ ಎರಡು ಅಂಕೆಗಳನ್ನು ಮಾತ್ರ. ಅದಕ್ಕೆ 2000 ಕೂಡಿಸುತ್ತದೆ. 2099ರವರೆಗೆ ಚಿಂತೆಯಿಲ್ಲ, ಆಮೇಲೆ? ವರ್ಷವನ್ನು ಎರಡೇ ಅಂಕೆಯಲ್ಲಿ ಬರೆಯುವ ಅಭ್ಯಾಸದಿಂದಲೇ ವೈ2ಕೆ ಸಮಸ್ಯೆ ಹುಟ್ಟಿತು. 1990ರ ದಶಕದ ಕೊನೆಯಲ್ಲಿ ಅದನ್ನು ತಿದ್ದುವ ಕೆಲಸ ನಮ್ಮ ಬೆಂಗಳೂರಿನ ಕಂಪನಿಗಳಿಗೂ ಬಂತು. ಬೇರೆಯವರು ಎಂದೋ ಬರೆದ ಕೋಡನ್ನು ಸಾಲು ಸಾಲಾಗಿ ಓದಿ ತಪ್ಪು ಹಿಡಿಯುವುದೇ ಆ ಕೆಲಸ. ಅಷ್ಟು ಮನೆಗಳಿಗೆ ಅನ್ನ ಕೊಟ್ಟ ವಿದ್ಯೆ ಅದು.

ಆದರೂ ನಮ್ಮ ಹುಡುಗರು ಕೋಡನ್ನು ಮುಚ್ಚಿಡುತ್ತಾರೆ. "ಉರ್ದು ಮಾಧ್ಯಮದವನು ಎಂದು ನಗುತ್ತಾರೆ ಮೇಡಂ" ಎನ್ನುತ್ತಾರೆ. ಕೆಲವರು ಅದೇ ಭಯಕ್ಕೆ ಆ ವಿಷಯವನ್ನೇ ಬಿಟ್ಟುಬಿಡುತ್ತಾರೆ. ಅವರಿಗೆ ನಾನು ಇಸ್ಲಾಹ್ ನೆನಪಿಸುತ್ತೇನೆ. ಉರ್ದು ಕವಿಗಳು ತಮ್ಮ ಗಜಲನ್ನು ಉಸ್ತಾದರಿಗೆ ತೋರಿಸಿ ತಿದ್ದಿಸಿಕೊಳ್ಳುವ ಪದ್ಧತಿ ಅದು. ಇಕ್ಬಾಲರು ತರುಣರಾಗಿದ್ದಾಗ ತಮ್ಮ ಕವಿತೆಗಳನ್ನು ಅಂಚೆಯಲ್ಲಿ ದಾಗ್ ದೆಹಲವಿಯವರಿಗೆ ಕಳಿಸಿ ಇಸ್ಲಾಹ್ ಪಡೆದರು. ಅದರಿಂದ ಅವರ ಮಾನ ಕಡಿಮೆಯಾಗಲಿಲ್ಲ. ಇಲ್ಲಿ ಉಸ್ತಾದರ ಸ್ಥಾನದಲ್ಲಿ ಪಕ್ಕದ ಬೆಂಚಿನ ಗೆಳೆಯ ಅಥವಾ ಗೆಳತಿ ಇದ್ದಾರೆ, ಅಷ್ಟೇ.

ನೋಡುವವರಿಗೂ ಒಂದು ಮಾತು. "ನಿನಗೆ ಬರುವುದಿಲ್ಲ" ಎನ್ನಬೇಡಿ. "ಈ ಸಾಲಿಗೆ ಡಿಸೆಂಬರ್ 31 ಕೊಟ್ಟು ನೋಡು" ಎನ್ನಿ. ತೋರಿಸುವವರು ವಾದಕ್ಕೆ ಇಳಿಯುವ ಮೊದಲು ಅದನ್ನು ಓಡಿಸಿ ನೋಡಿ. ಮೊದಲನೆಯ ಮಾತು ಕೇಳಿದ ಹುಡುಗ ಪುಸ್ತಕ ಮುಚ್ಚುತ್ತಾನೆ, ಎರಡನೆಯದು ಕೇಳಿದವನು ಮತ್ತೆ ಕೀಲಿಮಣೆಗೆ ಕೈ ಹಾಕುತ್ತಾನೆ.

ಈ ವರ್ಷ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಒಂದು ಬರಹವನ್ನಾಗಲಿ, ಲೆಕ್ಕವನ್ನಾಗಲಿ, ಪ್ರೋಗ್ರಾಮನ್ನಾಗಲಿ ಗೆಳೆಯರಿಗೆ ತೋರಿಸಿಯೇ ಶಿಕ್ಷಕರಿಗೆ ಕೊಡಲಿ ಎಂದು ಕೋರುತ್ತಾ ನನ್ನ ಮಾತು ಮುಗಿಸುತ್ತೇನೆ.